ಗಯೆಗೆ ಮುಂಚಿನ ಅವರೆ

ಕಾಶಿಯಲ್ಲಿ ತೋಟ ಮಾಡಬೇಕೆಂದರೆ ಮೊದಲು ಕೈಯಲ್ಲೊಂದು ದೊಣ್ಣೆ ಬೇಕು. ಮಣ್ಣು, ನೀರು, ಗೊಬ್ಬರ ಎಲ್ಲ ಆಮೇಲೆ. ನಮ್ಮ ಮನೆ ಇದ್ದದ್ದು ಸೋನಾರ್‌ಪುರದ ರಸ್ತೆಯಿಂದ ಗಂಗೆಯ ಕಡೆಗೆ ಇಳಿಯುವ ಗಲ್ಲಿಯೊಂದರಲ್ಲಿ. ಎರಡು ಸೈಕಲ್ಲು ಎದುರಾದರೆ ಒಂದು ಹಿಂದೆ ಸರಿಯಬೇಕು, ಹಸು ಎದುರಾದರೆ ಎರಡೂ ಸರಿಯಬೇಕು, ಅಷ್ಟಗಲದ ಗಲ್ಲಿ. ಅಂಗಳವಿಲ್ಲ, ಹಿತ್ತಿಲಿನ ಮಾತು ಎತ್ತಲೇಬೇಡಿ. ಹಸಿರು ಎಂದು ಏನಾದರೂ ಬೇಕಿದ್ದರೆ ಕಡಿದಾದ ಕಲ್ಲಿನ ಮೆಟ್ಟಿಲು ಹತ್ತಿ ಛಾವಣಿಗೆ ಹೋಗಬೇಕು. ಅದನ್ನು ನಾವು ಕನ್ನಡದಲ್ಲಿ ಮಾತಾಡುವಾಗಲೂ ‘ಛತ್ತು’ ಎಂದೇ ಕರೆಯುತ್ತಿದ್ದೆವು. ಅಲ್ಲಿ ಕೋತಿಗಳು ನಮಗಿಂತ ಮೊದಲೇ ಬಂದು ಕೂತಿರುತ್ತಿದ್ದವು.

ನಮ್ಮ ಮನೆಯವರು ದಕ್ಷಿಣದಿಂದ ಬರುವ ಯಾತ್ರಿಕರಿಗೆ ಶ್ರಾದ್ಧ, ಗಂಗಾಪೂಜೆ ಮಾಡಿಸುವ ಪುರೋಹಿತರು. ಅವರ ಅಜ್ಜನ ಕಾಲದಿಂದ ಅದೇ ಮನೆ, ಅದೇ ಕೆಲಸ. ಯಾತ್ರಿಕರು ನಮ್ಮಲ್ಲೇ ಕೆಳಗಡೆಯ ಕೋಣೆಗಳಲ್ಲಿ ಇಳಿದುಕೊಳ್ಳುತ್ತಿದ್ದರು. ಅವರು ಗಂಗಾಸ್ನಾನ ಮಾಡಿ ಬಂದರೆ ಒದ್ದೆ ಸೀರೆ, ಪಂಚೆಗಳೆಲ್ಲ ಛತ್ತಿನ ಮೇಲೆ. ಹಾಗಾಗಿ ಅತ್ತೆಯ ಪ್ರಕಾರ ಛತ್ತು ಇರುವುದು ಬಟ್ಟೆ ಒಣಗಿಸುವುದಕ್ಕೆ. ‘ಜಂಗಲ್ ಮಾಡಿಟ್ಟಿದೀಯಲ್ಲೇ! ಯಾರದೋ ಸೀರೆ ನಿನ್ನ ಗುಲಾಬಿ ಮುಳ್ಳಿಗೆ ಸಿಕ್ಕಿ ಹರಿದ್ರೆ ಯಾರು ಜವಾಬು ಕೊಡೋರು?’ ಎಂದು ದಿನಕ್ಕೊಂದು ಸಲವಾದರೂ ಕೂಗುತ್ತಿದ್ದರು.

ನಾನು ಬಿಡುವವಳಲ್ಲ. ಮದುವೆಯಾಗಿ ಮೈಸೂರಿನಿಂದ ಬಂದ ಮೊದಲ ವರ್ಷವೇ, ಮಳೆಗಾಲ ಮುಗಿದು ಗಂಗೆ ಇಳಿದಾಗ, ಘಾಟಿನ ಮೆಟ್ಟಿಲುಗಳ ಮೇಲೆ ಮೊಳಕಾಲು ಮಟ್ಟ ಮೆಕ್ಕಲುಮಣ್ಣು ಕೂತಿರುವುದನ್ನು ಕಂಡಿದ್ದೆ. ಪೈಪಿನಲ್ಲಿ ನೀರು ಹಾಯಿಸಿ ಅದನ್ನು ಮತ್ತೆ ನದಿಗೇ ತಳ್ಳುತ್ತಿದ್ದರು. ಅಯ್ಯೋ ಅನ್ಯಾಯವೇ, ಬೆಣ್ಣೆಯಂಥ ಮಣ್ಣು! ಅಂದಿನಿಂದ ಪ್ರತಿ ವರ್ಷ ಬಕೆಟ್ಟಿನಲ್ಲಿ ಹೊತ್ತು ತಂದು ಒಡೆದ ಕೊಡ, ತುಕ್ಕು ಹಿಡಿದ ಎಣ್ಣೆ ಡಬ್ಬ, ಸೀಳು ಬಿಟ್ಟ ಸಿಮೆಂಟ್ ತೊಟ್ಟಿ, ಸಿಕ್ಕಿದ್ದಕ್ಕೆಲ್ಲ ತುಂಬುತ್ತಿದ್ದೆ. ಎಲ್ಲರೂ ಗಂಗೆಯಿಂದ ತಂಬಿಗೆಯಲ್ಲಿ ನೀರು ತಂದರೆ ಈ ಮನೆಯ ಸೊಸೆ ಕೆಸರು ತರುತ್ತಾಳೆ ಎಂದು ಗಲ್ಲಿಯಲ್ಲಿ ನಗುತ್ತಿದ್ದರು. ನಕ್ಕುಕೊಳ್ಳಲಿ.

ಫಾಲ್ಗುಣ ಕಾಲಿಟ್ಟರೆ ಆ ಛತ್ತನ್ನು ನೋಡಬೇಕಿತ್ತು. ಚಳಿಗೆ ಸುಟ್ಟು ಕಪ್ಪಾಗಿದ್ದ ತುಳಸಿಯ ಕಡ್ಡಿಯಲ್ಲಿ ಹಸಿರು ಕಾಣಿಸಿಕೊಳ್ಳುತ್ತಿತ್ತು. ಎಲೆಯೆಲ್ಲ ಉದುರಿಸಿ, ಇನ್ನು ಇದು ಸತ್ತಂತೆಯೇ ಎಂದುಕೊಂಡಿದ್ದ ಕರಿಬೇವು ಕೆಂಪು ಚಿಗುರು ಬಿಟ್ಟುಕೊಂಡು ಎದ್ದು ಕೂರುತ್ತಿತ್ತು. ಬೀಜಕ್ಕೆಂದು ಬಿಟ್ಟ ಕೊತ್ತಂಬರಿ ತುಂಬ ಬಿಳಿ ಹೂವು, ಹೂವಿನ ತುಂಬ ಜೇನ್ನೊಣ. ಊರ ಗುಲಾಬಿ, ಕೆಂಪು ದಾಸವಾಳ, ಎಷ್ಟು ಕಿತ್ತರೂ ಮುಗಿಯಲೊಪ್ಪದ ಚೆಂಡುಹೂ. ಬಿಸಿಲು ಬಲಿಯುತ್ತಿದ್ದಂತೆ ದುಂಡುಮಲ್ಲಿಗೆಯ ಮೊದಲ ಮೊಗ್ಗು. ಗೋಡೆಯ ಬಿರುಕಿನಲ್ಲಿ ತಾನಾಗಿಯೇ ಹುಟ್ಟಿದ ಅರಳಿಗಿಡ ಕೂಡ ತಾಮ್ರದ ಬಣ್ಣದ ಎಲೆ ಬಿಟ್ಟುಕೊಂಡು ಮೆರೆಯುತ್ತಿತ್ತು. ಅತ್ತೆಯೂ ಆ ತಿಂಗಳು ಪೂಜೆಗೆ ಹೂ ಕೊಳ್ಳುತ್ತಿರಲಿಲ್ಲ. ಬೈದುಕೊಂಡೇ ಬಂದು ಬುಟ್ಟಿ ತುಂಬಿಸಿಕೊಂಡು ಹೋಗುತ್ತಿದ್ದರು.

ತೊಂಬತ್ತರ ದಶಕದ ಶುರುವಿನ ಒಂದು ಫಾಲ್ಗುಣದಲ್ಲಿ ಮಾತ್ರ ನನಗೆ ಇದ್ಯಾವುದೂ ಕಣ್ಣಿಗೆ ಬೀಳಲಿಲ್ಲ. ಕಂಡದ್ದು ಒಂದೇ ಬಳ್ಳಿ, ಅವರೆ. ಆ ಕಥೆ ಹೇಳುತ್ತೇನೆ.

ಕಾಶಿಯಲ್ಲಿ ಅವರೆ ಇಲ್ಲವೆಂದಲ್ಲ. ‘ಸೇಮ್’ ಎನ್ನುತ್ತಾರೆ. ಆದರೆ ಅವರು ಅದನ್ನು ಎಳೆಯದಾಗಿ, ಕಾಳು ಕಟ್ಟುವ ಮೊದಲೇ ಕಿತ್ತು, ಸಿಪ್ಪೆ ಸಮೇತ ಹೆಚ್ಚಿ ಆಲೂಗೆಡ್ಡೆಯ ಜೊತೆ ಪಲ್ಯ ಮಾಡಿಬಿಡುತ್ತಾರೆ. ಕಾಳು ತುಂಬಿತೆಂದರೆ ಕೆಟ್ಟುಹೋಯಿತು ಎಂದು ಹಸುವಿಗೆ ಹಾಕುತ್ತಾರೆ. ನಮ್ಮಲ್ಲಿ ಆ ಕಾಳಿಗೇ ಅಲ್ಲವೇ ಬಾಯಿ ಬಿಡುವುದು! ಧನುರ್ಮಾಸ ಬಂತೆಂದರೆ ನಮ್ಮ ಅಪ್ಪ ಮೈಸೂರಿನ ಮನೆಯೊಳಕ್ಕೆ ಬೇರೆ ತರಕಾರಿಯನ್ನು ಬಿಟ್ಟುಕೊಳ್ಳುತ್ತಿರಲಿಲ್ಲ. ಬೆಳಗ್ಗೆ ಅವರೆಕಾಳು ಉಪ್ಪಿಟ್ಟು, ಮಧ್ಯಾಹ್ನ ಹಿತಕಿದಬೇಳೆ ಸಾರು, ರಾತ್ರಿ ಅವರೆಕಾಳು ರೊಟ್ಟಿ. ಅಮ್ಮ ಬೋಗುಣಿಯಲ್ಲಿ ನೆನೆಸಿದ ಕಾಳು ಇಟ್ಟುಕೊಂಡು ಒಂದೊಂದನ್ನೇ ಬೆರಳಲ್ಲಿ ಹಿತುಕಿ, ಸಿಪ್ಪೆಯಿಂದ ಬೇಳೆಯನ್ನು ಹಾರಿಸುತ್ತ ಕೂತಿರುತ್ತಿದ್ದಳು. ಗಂಟೆಗಟ್ಟಲೆಯ ಕೆಲಸ. ಅಪ್ಪ ಹತ್ತಿರ ಕೂತು ಪೇಪರ್ ಓದಿ ಹೇಳುತ್ತಿದ್ದರೇ ಹೊರತು ಒಂದು ಕಾಳು ಮುಟ್ಟುತ್ತಿರಲಿಲ್ಲ.

ಹಿಂದಿನ ವರ್ಷ ಯಾತ್ರೆಗೆ ಬಂದ ಮೈಸೂರಿನ ಹೆಂಗಸೊಬ್ಬರು ನನ್ನ ಗೋಳು ಕೇಳಿ, ಹಿಂದಿರುಗಿದ ಮೇಲೆ ಮತ್ತೊಬ್ಬ ಯಾತ್ರಿಕರ ಕೈಯಲ್ಲಿ ಒಂದು ಹಿಡಿ ಬಿತ್ತನೆ ಅವರೆ ಕಳಿಸಿದ್ದರು. ಸಿಮೆಂಟ್ ತೊಟ್ಟಿಯಲ್ಲಿ ಹಾಕಿದೆ. ಮೊದಲ ಸಲ ಮೊಳಕೆಗಳನ್ನು ಕೋತಿ ಕಿತ್ತು ಎಸೆಯಿತು. ಉಳಿದ ಕಾಳನ್ನು ನವರಾತ್ರಿ ಕಳೆದ ಮೇಲೆ ಹಾಕಿದೆ. ಬಿದಿರು ಕಟ್ಟಿ ಬಳ್ಳಿ ಹಬ್ಬಿಸಿದೆ. ಊರಿನವರ ಸೇಮ್ ಎಲ್ಲ ಚಳಿಗಾಲದಲ್ಲಿ ಗೊಂಚಲು ಗೊಂಚಲು ಬಿಟ್ಟಾಗ ನನ್ನದು ಬರೀ ಎಲೆ ಹೊದ್ದು ಮಲಗಿತ್ತು. ‘ಎಲೆ ಸಾರು ಮಾಡ್ತೀಯೇನೇ?’ ಎಂದು ಅತ್ತೆ ಚುಚ್ಚಿದರು. ಪಕ್ಕದ ಛತ್ತಿನ ಚಾಚಿ, ಅಂದರೆ ಹಾಲಿನವರ ಮನೆಯ ಹಿರಿಯ ಹೆಂಗಸು, ಮೋಟುಗೋಡೆಯಾಚೆಯಿಂದ ನೋಡಿ ನಾಲಗೆ ಲೊಚಗುಟ್ಟುತ್ತಿದ್ದರು.

ಮಾಘದ ಒಂದು ಭಾನುವಾರ ಬೆಳಗ್ಗೆ ಸೋನಾರ್‌ಪುರದ ಎಸ್‌ಟಿಡಿ ಬೂತಿನಿಂದ ಅಪ್ಪನಿಗೆ ಫೋನ್ ಮಾಡಿದೆ. ಅಮ್ಮ ಹೋಗಿ ಎರಡನೇ ವರ್ಷ. ಆ ಚಳಿಗಾಲ ಅಪ್ಪ ಕಾಮಾಲೆ ಬಂದು ಹಾಸಿಗೆ ಹಿಡಿದಿದ್ದರು.

‘ಈಗ ಹೇಗಿದೀಯಪ್ಪಾ?’ ಎಂದು ಕಿರುಚಿದೆ.

‘ಕೇಳಿಸ್ತಿದೆ, ಗಂಟಲು ಹರ್ಕೋಬೇಡ. ಕಾಮಾಲೆ ಹೋಯ್ತು. ಹೊರಟಿದೀನಿ ಕಣೇ. ಉಗಾದಿಗೆ ಮುಂಚೆ ಒಂದು ಗುಂಪು ಬರ್ತಿದೆ, ಅವರ ಜೊತೆ. ಪ್ರಯಾಗ, ಕಾಶಿ, ಆಮೇಲೆ ಗಯೆ. ನಿಮ್ಮಮ್ಮನಿಗೆ ಗಯೆಯಲ್ಲಿ ಪಿಂಡ ಇಟ್ಟುಬಿಟ್ರೆ ನನಗೆ ನಿದ್ದೆ ಬರುತ್ತೆ.’

‘ಬಾಪ್ಪಾ, ಬಾ. ಊಟ ಸರಿಯಾಗಿ ಮಾಡ್ತಿದೀಯಾ?’

‘ಏನು ಊಟ? ಈ ಸಲ ಅವರೆಕಾಲವೆಲ್ಲ ಗಂಜಿ ಕುಡ್ಕೊಂಡು ಕಳೆದೆ. ಒಂದೇ ಒಂದು ಕಾಳು ಬಾಯಿಗೆ ಹಾಕಿದ್ರೆ ಕೇಳು.’

‘ಹೋಗಲಿ ಬಿಡು, ಮುಂದಿನ ವರ್ಷ ಇದೆಯಲ್ಲ.’

‘ಮುಂದಿನ ವರ್ಷ ಎಲ್ಲಿಂದ ಬಂತು? ಗಯೆಯಲ್ಲಿ ಅದನ್ನೇ ಬಿಡ್ತಿದೀನಿ.’

ಗೊತ್ತಿಲ್ಲದವರಿಗೆ ಹೇಳಬೇಕು. ಗಯೆಯಲ್ಲಿ ಪಿಂಡ ಇಟ್ಟ ಮೇಲೆ ಆಲದ ಮರದ ಕೆಳಗೆ ನಿಂತು ಒಂದು ಹಣ್ಣು, ಒಂದು ತರಕಾರಿ ಬಿಡಬೇಕು. ಆಮೇಲೆ ಸಾಯುವವರೆಗೂ ಮುಟ್ಟುವಂತಿಲ್ಲ. ತನಗೆ ಬಹಳ ಇಷ್ಟವಾದದ್ದನ್ನೇ ಬಿಡಬೇಕೆಂಬುದು ಪದ್ಧತಿ. ಪದ್ಧತಿ ಏನೋ ಹಾಗಿದೆ, ಆದರೆ ನಮ್ಮ ಮನೆಗೆ ಬಂದು ಹೋದ ಯಾತ್ರಿಕರಲ್ಲಿ ಹಾಗಲಕಾಯಿ ಬಿಟ್ಟವರೇ ಹೆಚ್ಚು. ಸಕ್ಕರೆ ಕಾಯಿಲೆಯವರು ಹಲಸಿನಹಣ್ಣು ಬಿಟ್ಟು ಕೈಮುಗಿದು ಬರುತ್ತಿದ್ದರು. ನಮ್ಮ ಅತ್ತೆ ಬಿಟ್ಟದ್ದು ನುಗ್ಗೇಕಾಯಿ. ಅದನ್ನು ಅಗಿಯುವ ಹಲ್ಲು ಅವರಿಗೆ ಆಗಲೇ ಹೋಗಿತ್ತು.

‘ನಿನಗೇನು ತಲೆ ಕೆಟ್ಟಿದೆಯಾ?’ ಎಂದು ಬೂತಿನಲ್ಲಿ ನಿಂತು ಕೂಗಾಡಿದೆ. ‘ಎಲ್ಲರ ಹಾಗೆ ಹಾಗಲಕಾಯಿ ಬಿಡು!’

‘ನಿಮ್ಮಮ್ಮನಿಗೋಸ್ಕರ ಹಾಗಲಕಾಯಿ ಬಿಡ್ಲಾ?’ ಎಂದರು ಅಪ್ಪ.

ಫೋನ್ ಇಟ್ಟೆ. ಹೊರಗೆ ಬಂದು, ರಿಕ್ಷಾದವನ ಜೊತೆ ಸುಮ್ಮಸುಮ್ಮನೆ ಜಗಳವಾಡಿ, ಮನೆಗೆ ಬಂದು ನೇರ ಛತ್ತು ಹತ್ತಿದೆ. ಅಪ್ಪ ಬಿಡುವುದು ಬಿಡಲಿ. ಅವರು ಒಂದು ಮಾತು ಆಡಿದರೆ ಮುಗಿಯಿತು, ಅಮ್ಮನೇ ಎದ್ದು ಬಂದು ಹೇಳಿದರೂ ಕೇಳುವವರಲ್ಲ. ಆದರೆ ಹಸಿದುಕೊಂಡು ಬಿಡುವುದೇ? ಮೈಸೂರಿನಲ್ಲಿ ಅವರೆಕಾಲ ಮುಗಿದೇಹೋಗಿತ್ತು. ಇನ್ನು ಅವರಿಗೆ ಈ ಜನ್ಮದಲ್ಲಿ ಒಂದು ಊಟದ ಅವರೆ ಸಿಗುವುದಿದ್ದರೆ ಅದು ನನ್ನ ತೊಟ್ಟಿಯಿಂದಲೇ, ಗಯೆಯ ರೈಲು ಹತ್ತುವ ಮೊದಲೇ. ‘ಕೇಳಿಸ್ತೇನೇ?’ ಎಂದು ಬಳ್ಳಿಯನ್ನು ಗದರಿಸಿದೆ. ‘ಇನ್ನೂ ಎಷ್ಟು ದಿನ ಮಲಗಿರ್ತೀಯಾ? ಏಳು!’

ಎದ್ದಿತು! ವಸಂತಪಂಚಮಿಯ ಬೆಳಗ್ಗೆ, ಕೆಳಗೆ ಗಲ್ಲಿಯಲ್ಲಿ ಮಕ್ಕಳೆಲ್ಲ ಹಳದಿ ಬಟ್ಟೆ ತೊಟ್ಟು ಸರಸ್ವತಿ ಪೂಜೆಗೆ ಓಡುತ್ತಿದ್ದಾಗ, ಎಲೆಗಳ ನಡುವಿನಿಂದ ಮೊಗ್ಗು ಹೊತ್ತ ಒಂದು ಕಡ್ಡಿ ನೆಟ್ಟಗೆ ಮೇಲಕ್ಕೆ ಚಾಚಿಕೊಂಡಿತ್ತು. ಮರುದಿನ ಇನ್ನಷ್ಟು. ಹದಿನೈದು ದಿನದಲ್ಲಿ ಬಳ್ಳಿಯ ಮೇಲೆಲ್ಲ ಬಿಳಿ ಹೂವು. ಬಿಸಿಲೇರಿದರೆ ದುಂಬಿಗಳ ಗುಂಯ್‌ಗುಟ್ಟುವಿಕೆ. ನಾನು ಅಡುಗೆ ಮಾಡುತ್ತ ಮಾಡುತ್ತ ಒಲೆ ಸಣ್ಣ ಮಾಡಿ ಮೇಲಕ್ಕೆ ಓಡಿ ನೋಡಿ ಬರುತ್ತಿದ್ದೆ. ‘ಹೆತ್ತ ಮಗೂನ ತೊಟ್ಟಿಲಲ್ಲಿ ಬಿಟ್ಟು ಬಂದೋಳ ಥರ ಆಡ್ತೀಯಲ್ಲೇ’ ಎಂದು ಅತ್ತೆ ನಕ್ಕರು.

ಹೂವು ಉದುರಿ, ಚಿಕ್ಕ ಚಿಕ್ಕ ಕಾಯಿ ಮೂಡಿ, ಬೆರಳುದ್ದವಾದವು. ಆಗಲೇ ನಾನು ಹೊರಗಾದೆ. ನಮ್ಮ ಮನೆಯಲ್ಲಿ ತಿಂಗಳ ಆ ಮೂರು ದಿನ ಅಡುಗೆಮನೆಗೆ ಹೋಗುವಂತಿರಲಿಲ್ಲ, ದೇವರ ಮನೆಯ ಕಡೆ ಸುಳಿಯುವಂತಿರಲಿಲ್ಲ, ಗಿಡವನ್ನಂತೂ ಮುಟ್ಟಕೂಡದು, ಮುಟ್ಟಿದರೆ ಬಾಡುತ್ತದೆ ಎಂದು ಅತ್ತೆಯ ಕಟ್ಟಪ್ಪಣೆ. ಬೇರೆ ಸಮಯವಾಗಿದ್ದರೆ ನಾನು ವಾದ ಹೂಡುತ್ತಿದ್ದೆ. ಹಿಂದೆ ಕದ್ದು ನೀರು ಹಾಕಿದ್ದೂ ಉಂಟು. ಆ ಸಲ ಮಾತ್ರ ಹೆದರಿದೆ. ಒಂದು ವೇಳೆ ನಿಜವಾಗಿ ಬಾಡಿಬಿಟ್ಟರೆ? ಮೋಟುಗೋಡೆಯ ಹತ್ತಿರ ನಿಂತು, ‘ಚಾಚೀ, ಮೇರೀ ಸೇಮ್ ದೇಖ್ ಲೇನಾ’ ಎಂದೆ. ನೋಡಿಕೊಳ್ಳಿ ಎಂದರೆ ನೀರು ಹಾಕಿ, ಕೋತಿ ಓಡಿಸಿ ಎಂದು ನನ್ನ ಅರ್ಥ. ಚಾಚಿ ತಲೆಯಾಡಿಸಿದರು.

ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ಹೊರಬಂದರೆ, ಚಾಚಿ ಸೆರಗಿನಡಿ ಮುಚ್ಚಿಕೊಂಡು ಒಂದು ಬಟ್ಟಲು ಹಿಡಿದು ನಿಂತಿದ್ದರು. ಬಟ್ಟಲಲ್ಲಿ ಹಬೆಯಾಡುವ ಪಲ್ಯ. ಸೇಮ್, ಆಲೂಗೆಡ್ಡೆ, ಸಾಸಿವೆ ಎಣ್ಣೆ.

‘ಅರೇ ಬಹೂ, ಸಬ್ ಪಕ್ ಜಾತೀ! ಮೈಂ ತೋಡ್ ಲೀ’ ಎಂದರು, ಮುಖವೆಲ್ಲ ನಗುವಾಗಿ. ಕಾಳು ಕಟ್ಟಿ ಹಾಳಾಗಿಬಿಡುತ್ತಿತ್ತಲ್ಲ, ಅದಕ್ಕೇ ಒಂದೂ ಬಿಡದೆ ಕಿತ್ತು, ಪಲ್ಯ ಮಾಡಿ, ನಿನಗೇ ತಂದಿದ್ದೇನೆ ಎಂಬ ಹಿಗ್ಗು ಅವರಿಗೆ.

ನಾನು ಮೇಲಕ್ಕೆ ಓಡಿದೆ. ಬಳ್ಳಿ ಬೋಳು ಬೋಳು. ಕೆಳಗೆ ಬಂದು, ಬಾಯಿಗೆ ಬಂದದ್ದೆಲ್ಲ ಅಂದುಬಿಟ್ಟೆ, ಕನ್ನಡದಲ್ಲಿ. ಹಿಂದಿ ಎಲ್ಲಿ ಹೊಳೆಯಬೇಕು ಆಗ! ಚಾಚಿಗೆ ಒಂದಕ್ಷರ ಅರ್ಥವಾಗದಿದ್ದರೂ ಅರ್ಥವಾಯಿತು. ‘ಬೌರಾ ಗಯೀ ಹೋ ಕಾ? ಸೇಮ್ ಹೀ ತೋ ಹೈ’ ಎಂದರು. ಹುಚ್ಚು ಹಿಡಿದಿದೆಯಾ, ಸೇಮ್ ತಾನೇ ಎಂದು. ನನಗೆ ಸಿಟ್ಟು ಬಂದರೆ ಕೊನೆಗೆ ಅಳುವೇ ಬರುವುದು, ಅದೊಂದು ದರಿದ್ರ ಗುಣ. ಮೆಟ್ಟಿಲ ಮೇಲೆ ಕೂತು ಗೋಳೋ ಎಂದು ಅತ್ತುಬಿಟ್ಟೆ. ಅಳುತ್ತಲೇ ಎಲ್ಲವನ್ನೂ ಹೇಳಿದೆ. ಅಪ್ಪ ಬರುತ್ತಾರೆ, ಗಯೆಗೆ ಹೋಗಿ ಇದನ್ನು ಬಿಡುತ್ತಾರೆ, ಅದಕ್ಕೆ ಮುಂಚೆ ಒಂದು ಸಲ ಇದರ ಕಾಳು ತಿನ್ನಿಸಬೇಕಿತ್ತು ಎಂದು.

ಚಾಚಿ ಬಟ್ಟಲನ್ನು ಕೆಳಗಿಟ್ಟರು. ‘ಬಾಪ್? ಬಾಪ್ ಬೇಟೀ ಕೇ ಘರ್ ಖಾಯೇಂಗೇ?’

ತಂದೆ ಮಗಳ ಮನೆಯಲ್ಲಿ ಊಟ ಮಾಡುತ್ತಾರಾ ಎಂದು ಅವರ ಆಶ್ಚರ್ಯ. ಅವರ ಕಡೆ ಮದುವೆ ಮಾಡಿಕೊಟ್ಟ ಮೇಲೆ ತಂದೆಯಾದವನು ಮಗಳ ಮನೆಯ ನೀರನ್ನೂ ಮುಟ್ಟುವುದಿಲ್ಲ. ಚಾಚಿಯ ತಂದೆ ಬಂದಾಗಲೆಲ್ಲ ಗಲ್ಲಿಯ ತುದಿಯ ಅಂಗಡಿಯಲ್ಲಿ ಚಹಾ ಕುಡಿದು, ಬಾಗಿಲಲ್ಲೇ ನಿಂತು ಮಾತಾಡಿಸಿ ಹೋಗುತ್ತಿದ್ದರಂತೆ. ಬಿಸಿಲಲ್ಲಿ ನಡೆದು ಬಂದವರಿಗೆ ಒಂದು ಲೋಟ ನೀರು ಕೊಡಲಾಗದೆ ಒಳಗೆ ಹೋಗಿ ಅಳುತ್ತಿದ್ದೆ ಎಂದರು. ಇದನ್ನೆಲ್ಲ ಹೇಳುತ್ತ ಅವರೂ ನನ್ನ ಪಕ್ಕದ ಮೆಟ್ಟಿಲಲ್ಲಿ ಕೂತುಬಿಟ್ಟರು. ಅತ್ತೆ ಬಂದು ನೋಡಿದರೆ ಇಬ್ಬರೂ ಮೂಗು ಒರೆಸಿಕೊಳ್ಳುತ್ತಿದ್ದೆವು.

ಮರುದಿನದಿಂದ ಚಾಚಿ ತಮ್ಮ ಹಗ್ಗದ ಮಂಚ, ಆ ಚಾರ್‌ಪಾಯಿಯನ್ನು, ಛತ್ತಿಗೇ ಹಾಕಿಸಿಕೊಂಡರು. ಕೈಯಲ್ಲಿ ಎಮ್ಮೆ ಹೊಡೆಯುವ ಲಾಠಿ. ಕೋತಿ ಇರಲಿ, ಕಾಗೆ ಸುಳಿದರೂ ಅಬ್ಬರಿಸುತ್ತಿದ್ದರು. ನಾನು ಮಿಕ್ಕ ಮೆಕ್ಕಲುಮಣ್ಣನ್ನೆಲ್ಲ ತೊಟ್ಟಿಗೆ ಸುರಿದೆ, ಅವರ ಮನೆಯ ಸಗಣಿಯನ್ನು ನೀರಲ್ಲಿ ಕಲಸಿ ಹಾಕಿದೆ. ಬಳ್ಳಿಯ ತುದಿಗಳಲ್ಲಿ ಇನ್ನೂ ಹೂವಿತ್ತು. ಕೆಲವು ದಿನದಲ್ಲೇ ಹೊಸ ಕಡ್ಡಿಗಳು ಎದ್ದವು. ಆದರೆ ಹೋಳಿ ಹತ್ತಿರವಾಗಿತ್ತು, ಪಶ್ಚಿಮದ ಬಿಸಿಗಾಳಿ ಒಂದು ವಾರ ಮೊದಲೇ ಶುರುವಾಯಿತು. ಬಿಸಿಗೆ ಹೂವು ಉದುರುತ್ತದೆ. ಒದ್ದೆ ಸೀರೆಯನ್ನು ಪಡುವಣದ ಕಡೆ ಪರದೆಯ ಹಾಗೆ ಕಟ್ಟಿದೆ. ಅದು ಯಾತ್ರಿಕರದಲ್ಲ, ನನ್ನದೇ. ಯಾತ್ರಿಕರ ಬಟ್ಟೆಗೆ ಅತ್ತೆ ಕೆಳಗಿನ ಪಡಸಾಲೆಯಲ್ಲಿ ಹಗ್ಗ ಕಟ್ಟಿಸಿದರು. ನಾನು ಕೇಳಿರಲಿಲ್ಲ. ‘ಬೀಗರು ಬರ್ತಾರೆ ಅಂತ ಅಷ್ಟೆ. ನಿನ್ನ ಜಂಗಲ್ ಮೇಲೆ ನನಗೇನೂ ಪ್ಯಾರ್ ಇಲ್ಲ’ ಎಂದರು.

ಹೋಳಿಯ ದಿನ ಆಚೆಮನೆಯ ಛತ್ತಿನಿಂದ ಪಿಚಕಾರಿ ಹಾರಿ ಬಿಳಿ ಹೂವೆಲ್ಲ ಗುಲಾಬಿಯಾದವು. ಚಾಚಿ ಲಾಠಿ ಎತ್ತಿಕೊಂಡು ಮೋಟುಗೋಡೆ ದಾಟಿ ಹೋದರು. ಅವರು ಹೋದದ್ದು ಯಾವ ರೀತಿಯೆಂದರೆ ಆ ಮನೆಯವರು ಮುಂದಿನ ವರ್ಷವೂ ಆ ದಿಕ್ಕಿಗೆ ಬಣ್ಣ ಹಾರಿಸಲಿಲ್ಲ.

ಅಪ್ಪ ಬಂದರು. ರೈಲಿನಿಂದ ಇಳಿದಾಗ ನನಗೆ ಗುರುತೇ ಸಿಗಲಿಲ್ಲ, ಅಷ್ಟು ಇಳಿದುಹೋಗಿದ್ದರು. ಅಂಗಿಯೊಳಗೆ ಇನ್ನೊಬ್ಬರು ಹಿಡಿಸುತ್ತಿದ್ದರು. ತಟ್ಟೆಯ ಮುಂದೆ ಕೂತರೆ ಎರಡು ತುತ್ತು ತಿಂದು, ‘ಸಾಕಮ್ಮಾ, ರುಚಿ ಹತ್ತೋಲ್ಲ’ ಎನ್ನುತ್ತಿದ್ದರು. ಕಾಶಿಯ ಕರ್ಮವೆಲ್ಲ ನಮ್ಮ ಮನೆಯವರೇ ಮಾಡಿಸಿದರು. ಅದಾದ ಮೇಲೆ ಗುಂಪಿನವರ ಜೊತೆ ಗಯೆಗೆ ಹೊರಡುವ ದಿನ ಗೊತ್ತಾಗಿತ್ತು. ಅದನ್ನು ಒಂದು ದಿನ ಆಚೀಚೆ ಮಾಡುವ ಹಾಗಿರಲಿಲ್ಲ. ಅಪ್ಪನಿಗೆ ಬಳ್ಳಿಯ ಸುದ್ದಿಯೇ ಹೇಳಿರಲಿಲ್ಲ. ಹೇಳಿ, ಕಾಳಾಗದಿದ್ದರೆ? ‘ಮೇಲೆ ಹೋಗ್ಬೇಡಪ್ಪಾ, ಕೋತಿಗಳು ಕಚ್ತವೆ’ ಎಂದು ಹೆದರಿಸಿಟ್ಟಿದ್ದೆ.

ದಿನಾ ಬೆಳಗ್ಗೆ ಹೋಗಿ ಕಾಯಿ ಒತ್ತಿ ನೋಡುತ್ತಿದ್ದೆ. ಚಪ್ಪಟೆ. ಮರುದಿನವೂ ಚಪ್ಪಟೆ. ಗಯೆಗೆ ಇನ್ನು ಎರಡೇ ದಿನವೆಂದಾಗ ಹೆಬ್ಬೆರಳಿಗೆ ಸಣ್ಣ ಉಬ್ಬು ಸಿಕ್ಕಿತು. ಹೊರಡುವ ಹಿಂದಿನ ಬೆಳಗ್ಗೆ ಇಬ್ಬನಿ ಬಿದ್ದಿತ್ತು. ಕೆಳಗಿನ ಗೊಂಚಲುಗಳಲ್ಲಿ ಕಾಳು ದುಂಡಗೆ ಎದ್ದು ಕಾಣುತ್ತಿತ್ತು. ಒಂದು ಕಾಯಿ ಕಿತ್ತೆ. ಬೆರಳಿಗೆ ಜಿಡ್ಡು ಹತ್ತಿತು. ಮೂಗಿನ ಹತ್ತಿರ ತಂದೆ. ಓಹ್! ಸೊಗಡು! ಅಪ್ಪಟ ಮೈಸೂರು ಸೀಮೆಯ ಅವರೆಯ ಘಾಟು ವಾಸನೆ, ಗಂಗೆಯ ಕೆಸರಿನಲ್ಲಿ ಬೆಳೆದದ್ದು! ಅದಿಲ್ಲದೆ ಕಾಳು ಎಷ್ಟು ದಪ್ಪವಾದರೇನು, ನಮ್ಮ ಅಪ್ಪನ ಲೆಕ್ಕದಲ್ಲಿ ಅದು ಅವರೆಯೇ ಅಲ್ಲ. ನಾನು ಅಲ್ಲೇ ಕುಣಿದೆ. ಚಾಚಿಗೂ ಮೂಸಿಸಿದೆ. ಅವರು ಮುಖ ಸಿಂಡರಿಸಿ, ‘ಛೀ, ಮಿಟ್ಟೀ ಕಾ ತೇಲ್’ ಎಂದರು. ಸೀಮೆಎಣ್ಣೆಯಂತೆ! ಅವರನ್ನು ತಬ್ಬಿಕೊಂಡೇ ನಕ್ಕೆ.

ಬಲಿತ ಕಾಯಿಯನ್ನೆಲ್ಲ ಆರಿಸಿ ಕಿತ್ತರೆ ಒಬ್ಬರ ಊಟಕ್ಕೆ ಆಗುವಷ್ಟು. ಸಾಕು, ನನಗೆ ಬೇಕಾಗಿದ್ದದ್ದೂ ಅಷ್ಟೇ. ಅಪ್ಪ ವಿಶ್ವನಾಥ ಗಲ್ಲಿಗೆ, ದರ್ಶನಕ್ಕೆಂದು ಹೊರಟ ಮೇಲೆ ಕಾಳು ಬಿಡಿಸಿ ನೆನೆಹಾಕಿದೆ. ನೆಂದ ಮೇಲೆ ನಾನು, ಅತ್ತೆ ಕೂತು ಹಿತುಕಿದೆವು. ಅತ್ತೆ ಕಾಶಿಯಲ್ಲೇ ಹುಟ್ಟಿ ಬೆಳೆದವರು. ಅವರು ಹಿತುಕಿದ ಬೇಳೆಗಳಲ್ಲಿ ಅರ್ಧ ದೇವರ ಪಟದವರೆಗೆ ಹಾರಿ ಹೋದವು. ಹುಡುಕಿ ತಂದು ತೊಳೆದೆವು. ತೆಂಗಿನಕಾಯಿ, ಕೊತ್ತಂಬರಿ ಬೀಜ, ಮೆಣಸು ರುಬ್ಬಿ ಹಾಕಿ, ತುಪ್ಪದಲ್ಲಿ ಇಂಗಿನ ಒಗ್ಗರಣೆ ಕೊಟ್ಟೆ, ಮೇಲೆ ಎರಡೆಸಳು ಹೊಸ ಕರಿಬೇವಿನ ಚಿಗುರು.

ಸಾರು ಕುದಿಯುತ್ತಿರುವಾಗ ಕೆಳಗೆ ಬಾಗಿಲಲ್ಲಿ ಅಪ್ಪನ ಕೆಮ್ಮು ಕೇಳಿಸಿತು. ಆಮೇಲೆ ಸದ್ದಿಲ್ಲ. ಇಣುಕಿ ನೋಡಿದರೆ ಒಂದು ಕಾಲು ಹೊಸ್ತಿಲೊಳಗೆ, ಒಂದು ಕಾಲು ಗಲ್ಲಿಯಲ್ಲಿ ಇಟ್ಟು ಹಾಗೇ ನಿಂತಿದ್ದರು.

‘ಏನಿದು?’ ಎಂದರು. ‘ಏ, ಏನಿದು? ಯಾರ ಮನೇಲಿ?’

‘ನಮ್ಮ ಮನೇಲಿ.’

‘ಸುಳ್ಳು ಹೇಳ್ಬೇಡ. ಈಗ ಎಲ್ಲಿ ಬರುತ್ತೆ ಅವರೆ?’

‘ಬಾ ತೋರಿಸ್ತೀನಿ’ ಎಂದೆ. ಎರಡು ತುತ್ತಿಗೆ ಸುಸ್ತಾಗುತ್ತಿದ್ದ ಮನುಷ್ಯ ಆ ಕಡಿದಾದ ಮೆಟ್ಟಿಲುಗಳನ್ನು ನನ್ನ ಹಿಂದೆಯೇ ಹತ್ತಿ ಬಂದರು. ಛತ್ತಿನ ಮೇಲೆ ಬಿಸಿಲು. ಗುಲಾಬಿ, ದಾಸವಾಳ, ಮಲ್ಲಿಗೆ ಯಾವುದನ್ನೂ ನೋಡಲಿಲ್ಲ. ನೇರ ತೊಟ್ಟಿಯ ಹತ್ತಿರ ಹೋಗಿ, ಬಳ್ಳಿಯ ಮೇಲೆ ಕೈಯಾಡಿಸಿ, ಹೂವು ನೋಡಿ, ಎಳೆಗಾಯಿ ನೋಡಿ, ತಿರುಗಿ ನನ್ನನ್ನು ನೋಡಿದರು. ‘ಕಾಶಿಯಲ್ಲಿ,’ ಎಂದರು, ‘ಛಾವಣಿ ಮೇಲೆ, ಸೊಗಡವರೆ! ನೀನು ನನ್ನ ಮಗಳು ಹೌದು ಕಣೇ!’ ಚಾಚಿ ಸೆರಗು ತಲೆಯ ಮೇಲೆಳೆದುಕೊಂಡು ಲಾಠಿ ಬಚ್ಚಿಟ್ಟರು.

ಬಿಸಿ ಅನ್ನದ ಮೇಲೆ ಸಾರು ಬಡಿಸಿದೆ. ಎಲ್ಲರೂ ಸುತ್ತ ನಿಂತಿದ್ದೆವು. ಅಪ್ಪ ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. ನಿಧಾನವಾಗಿ ನುಂಗಿ ಹೇಳಿದರು, ‘ಉಪ್ಪು ಒಂದು ಹರಳು ಮುಂದಾಗಿದೆ.’ ಆಮೇಲೆ ಇನ್ನೊಂದು ಸಲ ಅನ್ನ ಕೇಳಿದರು. ಮತ್ತೊಂದು ಸಲ. ಪಾತ್ರೆಯ ತಳ ಕೆರೆಯುವ ಸದ್ದು ಕೇಳಿದ ಮೇಲೆಯೇ ನಿಲ್ಲಿಸಿದ್ದು. ತಟ್ಟೆಯನ್ನು ಬೆರಳಲ್ಲಿ ಬಳಿದು ನೆಕ್ಕಿ, ಎಡಗೈಯಿಂದ ಕಣ್ಣೊರೆಸಿಕೊಂಡು, ‘ಇನ್ನು ಗಯೆಗೆ ನಡೀರಿ’ ಎಂದರು. ಗೆದ್ದೆ! ನನಗೆ ಆವತ್ತು ಇಡೀ ಸೋನಾರ್‌ಪುರಕ್ಕೆ ಕೂಗಿ ಹೇಳಬೇಕೆನ್ನಿಸಿತು. ಗಂಡುಮಕ್ಕಳು ಅಪ್ಪನಿಗೆ ಮನೆ ಕಟ್ಟಿಸಿಕೊಡಲಿ, ಚಿನ್ನದ ಉಂಗುರ ಹಾಕಲಿ. ನಾನು ಅವರೆ ತಿನ್ನಿಸಿದ್ದೆ.

ಗಯೆಯಲ್ಲಿ ನಡೆದದ್ದನ್ನು ಗುಂಪಿನ ಜೊತೆ ಹೋಗಿದ್ದ ನಮ್ಮ ಮನೆಯವರು ಬಂದು ಹೇಳಿದರು. ಆಲದ ಮರದ ಕೆಳಗೆ ಗುಂಪಿನವರೆಲ್ಲ ಯಥಾಪ್ರಕಾರ ಹಾಗಲಕಾಯಿ, ಮೂಲಂಗಿ ಎಂದು ಬಿಡುತ್ತ ಬಂದರಂತೆ. ಅಪ್ಪನ ಸರದಿ ಬಂದಾಗ ಗಟ್ಟಿಯಾಗಿ ‘ಅವರೆಕಾಯಿ’ ಎಂದರಂತೆ. ಗುಂಪಿನವರೊಬ್ಬರು, ‘ಅಯ್ಯೋ ಸ್ವಾಮಿ, ಯೋಚ್ನೆ ಮಾಡಿ, ಆಮೇಲೆ ಆಸೆಯಾದ್ರೆ?’ ಎಂದು ತಡೆದರಂತೆ. ‘ಏನಾಸೆ? ಮೊನ್ನೆ ತಾನೇ ಮಗಳ ಮನೇಲಿ ಪಾತ್ರೆ ಖಾಲಿ ಮಾಡಿ ಬಂದಿದೀನಿ’ ಎಂದು ಅಪ್ಪ ಎದೆಯುಬ್ಬಿಸಿಕೊಂಡು ನೀರು ಬಿಟ್ಟರಂತೆ.

ಊರಿಗೆ ಹೊರಡುವ ಮೊದಲು ಗುಂಪು ಮತ್ತೆ ಕಾಶಿಗೆ ಬಂತು. ಅಷ್ಟರಲ್ಲಿ ಬಳ್ಳಿಗೆ ಹುಚ್ಚೇ ಹಿಡಿದಿತ್ತು. ಮೇಲಿನಿಂದ ಕೆಳಗಿನವರೆಗೆ ತುಂಬಿದ ಕಾಯಿ. ಬುಟ್ಟಿ ತುಂಬ ಕಿತ್ತೆ. ಗುಂಪಿನವರಿಗೆಲ್ಲ, ಚಾಚಿಯ ಮನೆಗೆಲ್ಲ ಆಗುವಷ್ಟು. ನೆನೆಸಿದ ಕಾಳಿನ ಬೋಗುಣಿಯನ್ನು ಛತ್ತಿನ ನೆರಳಿನಲ್ಲಿಟ್ಟು ಕೂರಬೇಕು ಎನ್ನುವಷ್ಟರಲ್ಲಿ ಅಪ್ಪ ಬಂದು, ‘ಸರಿ ಆ ಕಡೆ’ ಎಂದು ಬೋಗುಣಿಯ ಮುಂದೆ ಕೂತರು. ಜೀವಮಾನದಲ್ಲಿ ಒಂದು ಕಾಳು ಹಿತುಕಿದವರಲ್ಲ. ಮೊದಮೊದಲು ಬೇಳೆ ಮುಖಕ್ಕೇ ಹಾರಿತು. ಆಮೇಲೆ ಕೈ ಕೂಡಿತು. ಚಾಚಿ ಎದುರು ಕೂತು ತಾವೂ ಕಲಿತರು. ಒಬ್ಬರ ಮಾತು ಒಬ್ಬರಿಗೆ ಬಾರದು, ಆದರೂ ಮಧ್ಯಾಹ್ನದವರೆಗೆ ಹರಟಿದರು.

ಊಟಕ್ಕೆ ಎಲ್ಲರಿಗೂ ಹಿತಕಿದಬೇಳೆ ಸಾರು, ಅಪ್ಪನಿಗೆ ಮಾತ್ರ ಹೆಸರುಬೇಳೆ ತೊವ್ವೆ. ಚಾಚಿ ಎರಡನೇ ಸಲ ಬಡಿಸಿಕೊಂಡರು. ಅಪ್ಪ ಪಂಕ್ತಿಯ ಉದ್ದಕ್ಕೂ ಓಡಾಡಿ, ‘ಹಾಕ್ಸಿಕೊಳ್ಳಿ, ನಮ್ಮ ಹುಡುಗಿ ಬೆಳೆದದ್ದು, ನಾಚ್ಕೋಬೇಡಿ’ ಎಂದು ಉಪಚಾರ ಮಾಡಿದರು. ಎಲ್ಲರೂ ಎದ್ದ ಮೇಲೆ ತಮ್ಮ ತೊವ್ವೆ ಅನ್ನಕ್ಕೆ ಕೂತರು. ನನಗೆ ತಡೆಯಲಾಗಲಿಲ್ಲ. ‘ನಿನಗೆ ಬೇಜಾರಾಗಲ್ವೇನಪ್ಪಾ?’ ಎಂದೆ.

ಅಪ್ಪ ಅನ್ನ ಕಲಸುತ್ತಿದ್ದ ಕೈಯನ್ನು ಹಾಗೇ ಬಿಟ್ಟು, ಎಡಗೈಯನ್ನು ಮೂಗಿಗೆ ಒತ್ತಿ ಹಿಡಿದು, ಎದೆ ತುಂಬ ಉಸಿರೆಳೆದುಕೊಂಡರು.

‘ನಾನು ಬಿಟ್ಟದ್ದು ತಿನ್ನೋದನ್ನ ಕಣೇ’ ಎಂದರು. ‘ಮೂಸೋದನ್ನ ಬಿಡು ಅಂತ ಅಲ್ಲಿ ಯಾರೂ ಹೇಳಲಿಲ್ಲ.’

ಮರುದಿನ ರೈಲು ಹತ್ತುವವರೆಗೂ ಅವರು ಆ ಕೈಗೆ ಸೋಪು ಮುಟ್ಟಿಸಲಿಲ್ಲ.